ಲ್ಯಾಪ್‌ಟಾಪ್ ಚಾರ್ಜ್ ಆಗ್ತಿಲ್ವಾ? ಹೊಸ ಬ್ಯಾಟರಿ ಕೊಳ್ಳುವ ಮುಂಚೆ ಇಷ್ಟು ನೋಡಿ

ಚಾರ್ಜರ್ ಹಾಕಿದ್ದೀರಿ. ಲ್ಯಾಪ್‌ಟಾಪ್ ಓಡುತ್ತಿದೆ. ಆದರೆ ಕೆಳಗಿನ ಮೂಲೆಯ ಬ್ಯಾಟರಿ ಚಿತ್ರದ ಮೇಲೆ ಮೌಸ್ ಇಟ್ಟರೆ ‘ಪ್ಲಗ್ಡ್ ಇನ್, ನಾಟ್ ಚಾರ್ಜಿಂಗ್’ ಅಂತ ಬರುತ್ತಿದೆ. ಶೇ. 37ಕ್ಕೆ ನಿಂತದ್ದು ಅಲ್ಲಿಂದ ಮೇಲೇಳುತ್ತಿಲ್ಲ. ಇಂಥ ಹೊತ್ತಿನಲ್ಲಿ ಬಹಳ ಜನರ ಬಾಯಿಗೆ ಬರುವ ಮೊದಲ ಮಾತು ‘ಬ್ಯಾಟರಿ ಹೋಯ್ತು’. ಎಷ್ಟೋ ಅಂಗಡಿಗಳಲ್ಲೂ ಅದನ್ನೇ ಹೇಳುತ್ತಾರೆ. ಸಾವಿರಗಟ್ಟಲೆ ಕೊಟ್ಟು ಹೊಸದು ಹಾಕಿಸಿದ ಮೇಲೂ ಅದೇ ಸಾಲು ಕಂಡರೆ ಹೊಟ್ಟೆ ಉರಿಯುತ್ತದೆ, ಅಲ್ವಾ?

ಬ್ಯಾಟರಿ ಕೆಟ್ಟಿರಬಹುದು, ಸುಳ್ಳಲ್ಲ. ಆದರೆ ಗೋಡೆಯ ಪ್ಲಗ್‌ನಿಂದ ಬ್ಯಾಟರಿವರೆಗೆ ಕರೆಂಟ್ ಬರುವ ದಾರಿಯಲ್ಲಿ ವೈರ್ ಇದೆ, ಅಡಾಪ್ಟರ್ ಇದೆ, ಪಿನ್ ಇದೆ, ಆ ಪಿನ್ ಹೋಗಿ ಕೂರುವ ಜ್ಯಾಕ್ ಇದೆ, ಒಳಗಿನ ಮುಖ್ಯ ಬೋರ್ಡ್ ಆದ ಮದರ್‌ಬೋರ್ಡ್ ಇದೆ, ‘ಇಷ್ಟಕ್ಕೇ ನಿಲ್ಲಿಸು’ ಎನ್ನುವ ಸಾಫ್ಟ್‌ವೇರೂ ಇದೆ. ಇವುಗಳಲ್ಲಿ ಹೆಚ್ಚಿನವನ್ನು ಮನೆಯಲ್ಲೇ, ದುಡ್ಡು ಖರ್ಚಿಲ್ಲದೆ ನೋಡಬಹುದು. ಹಾಗಾಗಿ ಗೋಡೆಯಿಂದ ಶುರುಮಾಡಿ ಒಳಕ್ಕೆ ಹೋಗೋಣ. ವಿಂಡೋಸ್ ಲ್ಯಾಪ್‌ಟಾಪನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ. ಮ್ಯಾಕ್‌ನಲ್ಲಿ ಬೇರೆ ಇರುವ ಕಡೆ ಅದನ್ನೂ ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು: ಬ್ಯಾಟರಿ ಉಬ್ಬಿದೆಯೇ?

ಲ್ಯಾಪ್‌ಟಾಪನ್ನು ಸಮತಟ್ಟಾದ ಮೇಜಿನ ಮೇಲಿಡಿ. ಅಲ್ಲಾಡುತ್ತಿದೆಯೇ? ಟಚ್‌ಪ್ಯಾಡ್ ಮೇಲೆದ್ದಿದೆಯೇ, ಒತ್ತಿದರೆ ಕ್ಲಿಕ್ ಆಗುತ್ತಿಲ್ಲವೇ? ಮುಚ್ಚಳ ಪೂರ್ತಿ ಮುಚ್ಚುತ್ತಿಲ್ಲವೇ? ತಳದ ಹಲಗೆ ಅಂಚಿನಲ್ಲಿ ಬಾಯಿ ಬಿಟ್ಟಿದೆಯೇ? ಇವುಗಳಲ್ಲಿ ಒಂದು ಕಂಡರೂ ಮುಂದಿನ ಯಾವ ಪರೀಕ್ಷೆಯೂ ಬೇಡ. ಲಿಥಿಯಂ ಬ್ಯಾಟರಿ ಕೆಡುವಾಗ ಒಳಗೆ ಗ್ಯಾಸ್ ಹುಟ್ಟಿ ಹೀಗೆ ಉಬ್ಬುತ್ತದೆ. ಅದಕ್ಕೆ ಬೆಂಕಿ ಹತ್ತುವ ಸಾಧ್ಯತೆ ಇದೆ.

ಚಾರ್ಜರ್ ತೆಗೆಯಿರಿ, ಆಫ್ ಮಾಡಿ. ಒತ್ತಿ ಒಳಗೆ ತಳ್ಳಬೇಡಿ, ಸೂಜಿ ಚುಚ್ಚಿ ಗ್ಯಾಸ್ ಬಿಡಿಸುವ ಕೆಲಸಕ್ಕಂತೂ ಕೈ ಹಾಕಲೇಬೇಡಿ. ಹಾಸಿಗೆ, ಪರದೆ, ಕಾಗದಗಳಿಂದ ದೂರ ಇಟ್ಟು ಸರ್ವಿಸ್ ಸೆಂಟರ್‌ಗೆ ಒಯ್ಯಿರಿ. ತೆಗೆದ ಬ್ಯಾಟರಿಯನ್ನು ಕಸದ ಡಬ್ಬಿಗೆ ಹಾಕಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ವಾಪಸ್ ಪಡೆದು ವಿಲೇವಾರಿ ಮಾಡಿಸುವ ಹೊಣೆ ತಯಾರಕರದ್ದೇ.

ಉಬ್ಬಿಲ್ಲ ಅಂತ ಖಾತ್ರಿಯಾದರೆ ಮುಂದೆ ಹೋಗಿ.

ಎಷ್ಟಕ್ಕೆ ನಿಂತಿದೆ ನೋಡಿ

ಈ ಒಂದು ಅಂಕಿ ಬಹಳ ಹೇಳುತ್ತದೆ. ಚಾರ್ಜ್ ಶೇ. 80ಕ್ಕೋ ಶೇ. 60ಕ್ಕೋ ಸರಿಯಾಗಿ ನಿಂತಿದ್ದರೆ ಏನೂ ಕೆಟ್ಟಿಲ್ಲದಿರುವ ಸಾಧ್ಯತೆಯೇ ಜಾಸ್ತಿ. ಲಿಥಿಯಂ ಬ್ಯಾಟರಿ ಸದಾ ತುಂಬಿಕೊಂಡೇ ಇದ್ದರೆ ಬೇಗ ಮುಪ್ಪಾಗುತ್ತದೆ. ಅದಕ್ಕೇ ಕಂಪನಿಗಳು ಮಧ್ಯದಲ್ಲೇ ನಿಲ್ಲಿಸುವ ಸೆಟ್ಟಿಂಗ್ ಕೊಟ್ಟಿವೆ. ಲೆನೊವೊದಲ್ಲಿ ಅದು ‘ವ್ಯಾಂಟೇಜ್’ ಆ್ಯಪ್ ಒಳಗಿನ ‘ಕನ್ಸರ್ವೇಶನ್ ಮೋಡ್’. ಏಸುಸ್‌ನಲ್ಲಿ ‘ಮೈಏಸುಸ್’ ಆ್ಯಪ್‌ನಲ್ಲಿ ಸಿಗುತ್ತದೆ. ಎಚ್‌ಪಿ, ಡೆಲ್‌ಗಳಲ್ಲಿ ಬಯಾಸ್ (ವಿಂಡೋಸ್ ಶುರುವಾಗುವ ಮುಂಚೆಯೇ ತೆರೆಯುವ ಮೂಲ ಸೆಟ್ಟಿಂಗ್ ಪುಟ) ಒಳಗೂ ಇರುತ್ತದೆ. ವಿಂಡೋಸ್ 11ರಲ್ಲಿ ಬ್ಯಾಟರಿ ಚಿತ್ರದ ಮೇಲೆ ಪುಟ್ಟ ಹೃದಯದ ಗುರುತು ಕಂಡರೆ ‘ಸ್ಮಾರ್ಟ್ ಚಾರ್ಜಿಂಗ್’ ನಡೆಯುತ್ತಿದೆ ಎಂದರ್ಥ. ಮ್ಯಾಕ್‌ನಲ್ಲಿ ‘ಆಪ್ಟಿಮೈಸ್ಡ್ ಬ್ಯಾಟರಿ ಚಾರ್ಜಿಂಗ್’ ಇದೇ ಕೆಲಸ ಮಾಡುತ್ತದೆ. ಪ್ರಯಾಣಕ್ಕೆ ಹೊರಟಿದ್ದೀರಿ, ಪೂರ್ತಿ ತುಂಬಬೇಕು ಅಂದರೆ ಆ ಸೆಟ್ಟಿಂಗ್ ಆಫ್ ಮಾಡಿ ನೋಡಿ. ಮನೆಗೆ ಬಂದ ಮೇಲೆ ಮತ್ತೆ ಆನ್ ಮಾಡಿಬಿಡಿ. ಅದು ನಿಜಕ್ಕೂ ಒಳ್ಳೆಯ ಸೆಟ್ಟಿಂಗ್.

ಶೇ. 95 ಅಥವಾ 96ಕ್ಕೆ ನಿಂತಿದ್ದರೂ ತಲೆ ಕೆಡಿಸಿಕೊಳ್ಳಬೇಡಿ. ತುಂಬಿದ ಬ್ಯಾಟರಿ ಸ್ವಲ್ಪ ಇಳಿದ ಕೂಡಲೇ ಮತ್ತೆ ಮತ್ತೆ ತುಂಬಿಸದಂತೆ ಹಲವು ಲ್ಯಾಪ್‌ಟಾಪ್‌ಗಳನ್ನು ಹಾಗೆಯೇ ಮಾಡಿರುತ್ತಾರೆ. ಸೊನ್ನೆಯಲ್ಲಿ ನಿಂತಿದ್ದರೆ, ಅಥವಾ 37, 52 ಎಂಬಂತೆ ಅರ್ಥವಿಲ್ಲದ ಅಂಕಿಯಲ್ಲಿ ನಿಂತಿದ್ದರೆ ಮಾತ್ರ ಹುಡುಕಬೇಕಾದ ತೊಂದರೆ ಇದೆ.

ಗೋಡೆಯಿಂದ ಅಡಾಪ್ಟರ್‌ವರೆಗೆ

ಎಕ್ಸ್‌ಟೆನ್ಷನ್ ಬಾಕ್ಸ್ ಬಿಟ್ಟು ನೇರ ಗೋಡೆಯ ಪಾಯಿಂಟ್‌ಗೆ ಹಾಕಿ. ಅದೇ ಪಾಯಿಂಟ್‌ಗೆ ಫೋನ್ ಚಾರ್ಜರೋ ಟೇಬಲ್ ಲ್ಯಾಂಪೋ ಹಾಕಿ ಕರೆಂಟ್ ಬರುತ್ತಿದೆಯೇ ನೋಡಿ. ನಮ್ಮ ಕಡೆ ಹಳೆಯ ಸಾಕೆಟ್‌ಗಳು ಸಡಿಲವಾಗಿ ಪಿನ್ ಹಿಡಿಯದೇ ಇರುವುದು ಮಾಮೂಲು. ಊರಿನಲ್ಲಿ ವೋಲ್ಟೇಜ್ ಕಮ್ಮಿ, ಅದಕ್ಕೇ ಚಾರ್ಜ್ ಆಗ್ತಿಲ್ಲ ಎಂದು ಕೆಲವರು ಹೇಳುತ್ತಾರೆ. ಅಡಾಪ್ಟರ್‌ನ ಬೆನ್ನು ಓದಿ. ಹೆಚ್ಚಿನವುಗಳ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿರುತ್ತದೆ. ಪಂಪ್‌ಸೆಟ್ ಓಡುವ ಹೊತ್ತಿನಲ್ಲಿ ವೋಲ್ಟೇಜ್ 170ಕ್ಕೆ ಬಿದ್ದರೂ ಅದು ಕೆಲಸ ಮಾಡುತ್ತದೆ. ಅಡಾಪ್ಟರನ್ನು ಕೊಲ್ಲುವುದು ಕಮ್ಮಿ ವೋಲ್ಟೇಜ್ ಅಲ್ಲ. ಹೋದ ಕರೆಂಟ್ ಮರಳಿ ಬರುವಾಗ ಒಮ್ಮೆಗೇ ನುಗ್ಗುವ ಹೆಚ್ಚಿನ ವೋಲ್ಟೇಜ್, ಮತ್ತೆ ಸಿಡಿಲು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ, ಅದರಲ್ಲೂ ಮಲೆನಾಡಿನಲ್ಲಿ, ಮೋಡ ಕಟ್ಟಿದ ಕೂಡಲೇ ಪ್ಲಗ್ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು.

ಈಗ ಅಡಾಪ್ಟರ್. ಅದರಲ್ಲಿ ಎರಡು ವೈರ್ ಇವೆ: ಗೋಡೆಯಿಂದ ಅಡಾಪ್ಟರ್‌ಗೆ ಬರುವ ದಪ್ಪನೆಯದು, ಅಡಾಪ್ಟರ್‌ನಿಂದ ಲ್ಯಾಪ್‌ಟಾಪ್‌ಗೆ ಹೋಗುವ ತೆಳ್ಳನೆಯದು. ದಪ್ಪನೆಯದು ಸಾಮಾನ್ಯವಾಗಿ ಬಿಚ್ಚಿ ಹಾಕುವಂಥದ್ದು. ಅದನ್ನು ಎರಡೂ ತುದಿಯಲ್ಲಿ ಗಟ್ಟಿಯಾಗಿ ಒತ್ತಿ ಕೂರಿಸಿ. ಕೆಟ್ಟಿದ್ದು ಅದೊಂದೇ ಆಗಿದ್ದರೆ ಆ ವೈರ್ ಮಾತ್ರ ಸಿಗುತ್ತದೆ, ಇಡೀ ಚಾರ್ಜರ್ ಕೊಳ್ಳಬೇಕಿಲ್ಲ. ತೆಳ್ಳನೆಯ ವೈರ್ ಹೆಚ್ಚಾಗಿ ಪಿನ್‌ನ ಬುಡದಲ್ಲೋ ಅಡಾಪ್ಟರ್‌ನಿಂದ ಹೊರಬರುವ ಜಾಗದಲ್ಲೋ ಒಳಗೊಳಗೇ ತುಂಡಾಗುತ್ತದೆ. ಮೇಲಿನ ರಬ್ಬರ್ ಚೆನ್ನಾಗಿಯೇ ಕಾಣುತ್ತದೆ. ವೈರನ್ನು ಅಲ್ಲಲ್ಲಿ ಮೆಲ್ಲಗೆ ಬಗ್ಗಿಸಿದಾಗ ಚಾರ್ಜಿಂಗ್ ದೀಪ ಹತ್ತಿ ಆರಿದರೆ ತೊಂದರೆ ಅಲ್ಲೇ ಇದೆ. ‘ಹೀಗೆ ತಿರುಗಿಸಿ ಇಟ್ಟರೆ ಆಗುತ್ತೆ’ ಅಂತ ಹಾಗೇ ಬಳಸುತ್ತ ಹೋಗಬೇಡಿ. ತುಂಡಾದ ಜಾಗ ಬಿಸಿಯಾಗಿ ಸುಡುತ್ತದೆ, ಕಿಡಿ ಹಾರುತ್ತದೆ.

ಅಡಾಪ್ಟರ್ ಮೇಲೆ ದೀಪ ಇದ್ದರೆ ಒಂದು ಸುಲಭ ಪರೀಕ್ಷೆ ಇದೆ. ಲ್ಯಾಪ್‌ಟಾಪ್‌ಗೆ ಸಿಕ್ಕಿಸದೆ ಬರೀ ಗೋಡೆಗೆ ಹಾಕಿ. ದೀಪ ಹತ್ತದಿದ್ದರೆ ದಪ್ಪ ವೈರ್ ಅಥವಾ ಅಡಾಪ್ಟರ್ ಕೆಟ್ಟಿದೆ. ಹತ್ತಿತು, ಆದರೆ ಪಿನ್ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದ ಕೂಡಲೇ ಆರಿಹೋಯಿತು ಅಂದರೆ ಲ್ಯಾಪ್‌ಟಾಪ್ ಒಳಗೆ ಜ್ಯಾಕ್‌ನಲ್ಲೋ ಬೋರ್ಡ್‌ನಲ್ಲೋ ಶಾರ್ಟ್ ಆಗಿರುವ ಸಾಧ್ಯತೆ ದೊಡ್ಡದು. ಮತ್ತೆ ಮತ್ತೆ ಸಿಕ್ಕಿಸಿ ನೋಡಬೇಡಿ. ರಿಪೇರಿಯವರಿಗೆ ಇದೇ ಮಾತನ್ನು ಹೇಳಿ, ಅವರ ಅರ್ಧ ಹುಡುಕಾಟ ಉಳಿಯುತ್ತದೆ.

ದುಂಡು ಪಿನ್, ಅದರ ನಡುವಿನ ಸೂಜಿ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸುಮ್ನೆ ಬ್ಯಾಟರಿ ಬದಲಿಸಿ ದುಡ್ಡು ಕಳೆದುಕೊಳ್ಳುವ ಜನ ಸಿಕ್ಕಿಬೀಳುವುದು ಇಲ್ಲೇ.

ಡೆಲ್, ಎಚ್‌ಪಿಯ ದುಂಡು ಪಿನ್ನಿನ ಚಾರ್ಜರ್ ಇದ್ದರೆ ಅದರ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಕೊಳವೆಯ ನಡುವೆ ಸೂಜಿಯಂಥ ತೆಳು ಪಿನ್ ಕಾಣುತ್ತದೆ. ಲ್ಯಾಪ್‌ಟಾಪ್ ಓಡಲು ಬೇಕಾದ ಕರೆಂಟ್ ಅದರಲ್ಲಿ ಬರುವುದಿಲ್ಲ. ಅದು ಬರುವುದು ಹೊರಗಿನ ಕೊಳವೆಯ ಒಳಮೈ, ಹೊರಮೈಗಳಿಂದ. ನಡುವಿನ ಸೂಜಿ ಒಯ್ಯುವುದು ಬರೀ ಒಂದು ಸುದ್ದಿ: ‘ನಾನು ಇಂಥ ಅಡಾಪ್ಟರ್, ನನಗೆ ಇಷ್ಟು ವ್ಯಾಟ್ ಕೊಡುವ ತಾಕತ್ತಿದೆ’. ಡೆಲ್ ಅಡಾಪ್ಟರ್‌ನಲ್ಲಿ ಇದಕ್ಕಾಗಿಯೇ ಒಂದು ಪುಟ್ಟ ಚಿಪ್ ಇರುತ್ತದೆ. ಆ ಸುದ್ದಿ ತಲುಪದಿದ್ದರೆ ಲ್ಯಾಪ್‌ಟಾಪ್ ಅಡಾಪ್ಟರನ್ನು ನಂಬುವುದಿಲ್ಲ. ಓಡುವಷ್ಟು ಕರೆಂಟ್ ತೆಗೆದುಕೊಳ್ಳುತ್ತದೆ, ಬ್ಯಾಟರಿ ತುಂಬಿಸುವುದನ್ನು ನಿಲ್ಲಿಸುತ್ತದೆ, ಪ್ರೊಸೆಸರ್ ವೇಗವನ್ನೂ ಇಳಿಸುತ್ತದೆ. ಆನ್ ಮಾಡುವಾಗ ಅಡಾಪ್ಟರ್ ಯಾವುದೆಂದು ಗೊತ್ತಾಗುತ್ತಿಲ್ಲ ಎಂಬ ಇಂಗ್ಲಿಷ್ ಎಚ್ಚರಿಕೆ ಕಪ್ಪು ಪರದೆಯ ಮೇಲೆ ಬಂದರೆ ಕಾರಣ ಇದೇ. ಬಹಳ ಜನ ಅದನ್ನು ಓದದೆ ಎಂಟರ್ ಒತ್ತಿ ಮುಂದೆ ಹೋಗುತ್ತಾರೆ.

ಹಾಗಾಗಿ ಸೂಜಿ ಬಾಗಿದೆಯೇ, ಮುರಿದಿದೆಯೇ ನೋಡಿ. ಸೂಜಿ ನೆಟ್ಟಗಿದ್ದರೂ ಅದರ ಎಳೆಯಂಥ ವೈರ್ ಒಳಗೆ ತುಂಡಾಗಿರಬಹುದು. ಅಗ್ಗದ ಡೂಪ್ಲಿಕೇಟ್ ಅಡಾಪ್ಟರ್‌ಗಳಲ್ಲಿ ಈ ಚಿಪ್ ಸರಿಯಾಗಿ ಇರುವುದೇ ಇಲ್ಲ. ಅದೇ ಕಂಪನಿಯ, ಅಷ್ಟೇ ವ್ಯಾಟ್‌ನ, ಸರಿ ಇರುವ ಅಡಾಪ್ಟರ್ ಯಾರ ಹತ್ತಿರವಾದರೂ ಇದ್ದರೆ ಹತ್ತು ನಿಮಿಷ ತಂದು ಹಾಕಿ ನೋಡಿ. ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಅದರಲ್ಲಿ ಚಾರ್ಜ್ ಆದರೆ ನಿಮ್ಮ ಬ್ಯಾಟರಿ ಸರಿ ಇದೆ, ಚಾರ್ಜರ್ ಬದಲಿಸಿದರೆ ಸಾಕು. ಆಗದಿದ್ದರೆ ತೊಂದರೆ ಲ್ಯಾಪ್‌ಟಾಪ್ ಒಳಗಿದೆ.

ಮಲ್ಟಿಮೀಟರ್ ಇರುವವರಿಗೆ ಒಂದು ಮಾತು. ದುಂಡು ಪಿನ್‌ನಲ್ಲಿ ಅಡಾಪ್ಟರ್ ಮೇಲೆ ಬರೆದಿರುವ 19 ಅಥವಾ 19.5 ವೋಲ್ಟ್ ಬರುತ್ತಿದೆಯೇ ಅಳೆಯಬಹುದು. ಒಳಮೈ ಪ್ಲಸ್, ಹೊರಮೈ ಮೈನಸ್. ಆದರೆ ವೋಲ್ಟೇಜ್ ಸರಿ ಬಂದ ಮಾತ್ರಕ್ಕೆ ಅಡಾಪ್ಟರ್ ಸರಿ ಇದೆ ಅನ್ನಲಾಗದು. ಸೂಜಿಯ ಸುದ್ದಿ ಅದರಲ್ಲಿ ಕಾಣುವುದಿಲ್ಲ.

ಟೈಪ್-ಸಿ ಇದ್ದರೆ

ಫೋನ್ ಚಾರ್ಜರೂ ಲ್ಯಾಪ್‌ಟಾಪ್ ಚಾರ್ಜರೂ ಒಂದೇ ತೂತಿಗೆ ಹೋಗುತ್ತವೆ, ಗೊಂದಲ ಹುಟ್ಟುವುದೇ ಅಲ್ಲಿ. 18 ವ್ಯಾಟ್‌ನ ಫೋನ್ ಚಾರ್ಜರ್ ಹಾಕಿದರೆ 65 ವ್ಯಾಟ್ ಬೇಡುವ ಲ್ಯಾಪ್‌ಟಾಪ್ ಚಾರ್ಜನ್ನೇ ತೆಗೆದುಕೊಳ್ಳದಿರಬಹುದು, ಅಥವಾ ಆಫ್ ಆಗಿದ್ದಾಗ ಮಾತ್ರ ಆಮೆಯಂತೆ ಏರಬಹುದು. ಅಡಾಪ್ಟರ್ ಮೇಲಿನ ವೋಲ್ಟ್ ಮತ್ತು ಆಂಪ್ ಗುಣಿಸಿದರೆ ವ್ಯಾಟ್ ಸಿಗುತ್ತದೆ. 20 ವೋಲ್ಟ್, 3.25 ಆಂಪ್ ಅಂದರೆ 65 ವ್ಯಾಟ್.

ಕೇಬಲ್ ಕೂಡ ಮುಖ್ಯ. ಮಾಮೂಲಿ ಟೈಪ್-ಸಿ ಕೇಬಲ್ 3 ಆಂಪ್‌ಗಿಂತ ಹೆಚ್ಚು ಒಯ್ಯುವುದಿಲ್ಲ, ಅಂದರೆ 20 ವೋಲ್ಟ್‌ನಲ್ಲಿ 60 ವ್ಯಾಟ್ ಮಾತ್ರ. ಅದಕ್ಕಿಂತ ಜಾಸ್ತಿ ಬೇಕಾದರೆ ತನ್ನೊಳಗೆ ಗುರುತಿನ ಚಿಪ್ ಇರುವ 5 ಆಂಪ್ ಕೇಬಲ್ ಬೇಕು. ಇನ್ನು, ಲ್ಯಾಪ್‌ಟಾಪ್‌ನ ಎಲ್ಲ ಟೈಪ್-ಸಿ ಪೋರ್ಟ್‌ಗಳೂ ಚಾರ್ಜಿಂಗ್‌ಗೆ ಇರುವುದಿಲ್ಲ. ಪಕ್ಕದಲ್ಲಿ ಪ್ಲಗ್ ಅಥವಾ ಬ್ಯಾಟರಿ ಗುರುತು ಇರುವ ಪೋರ್ಟ್‌ಗೆ ಹಾಕಿ. ಟೈಪ್-ಸಿ ತುದಿಯಲ್ಲಿ ಮಲ್ಟಿಮೀಟರ್ ಇಟ್ಟು ಪ್ರಯೋಜನವಿಲ್ಲ. ಎರಡೂ ಕಡೆಯ ಚಿಪ್‌ಗಳು ಮಾತಾಡಿಕೊಂಡ ಮೇಲಷ್ಟೇ 20 ವೋಲ್ಟ್ ಬರುತ್ತದೆ.

ಪೋರ್ಟ್ ಒಳಗೆ ಬ್ಯಾಗಿನ ನೂಲು, ಧೂಳು ತುಂಬಿದ್ದರೆ ಪಿನ್ ಪೂರ್ತಿ ಕೂರುವುದಿಲ್ಲ. ಚಾರ್ಜರ್ ತೆಗೆದು, ಲ್ಯಾಪ್‌ಟಾಪ್ ಆಫ್ ಮಾಡಿ, ಮರದ ಟೂತ್‌ಪಿಕ್‌ನಿಂದ ಮೆಲ್ಲಗೆ ಕೆದಕಿ ತೆಗೆಯಿರಿ. ಗುಂಡುಸೂಜಿ ಬೇಡ. ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಒಳಗೆ ಹಸಿರು ಅಥವಾ ಬಿಳಿ ಕಿಲುಬು ಕಟ್ಟಿದೆಯೇ ಎಂದೂ ನೋಡಿ. ಉಪ್ಪುಗಾಳಿ, ತೇವ ಎರಡೂ ಸೇರಿದರೆ ಲೋಹ ಬೇಗ ಹಾಳು.

ಬಿಸಿ

ಲಿಥಿಯಂ ಬ್ಯಾಟರಿಯ ಒಳಗಿನ ಉಷ್ಣತೆ ಸುಮಾರು 45 ಡಿಗ್ರಿ ದಾಟಿದರೆ ಹೆಚ್ಚಿನ ಲ್ಯಾಪ್‌ಟಾಪ್‌ಗಳು ಚಾರ್ಜಿಂಗ್ ನಿಧಾನ ಮಾಡುತ್ತವೆ ಅಥವಾ ನಿಲ್ಲಿಸುತ್ತವೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಹೊರಗೇ 40 ದಾಟುತ್ತದೆ. ಅದರ ಮೇಲೆ ಹಾಸಿಗೆಯ ಮೇಲಿಟ್ಟು ಗಾಳಿ ಕಿಂಡಿ ಮುಚ್ಚಿದರೆ ಹೇಳುವುದೇ ಬೇಡ. ಆಫ್ ಮಾಡಿ ಫ್ಯಾನಿನ ಕೆಳಗೆ ಅರ್ಧ ಗಂಟೆ ಇಡಿ, ಆಮೇಲೆ ಚಾರ್ಜ್‌ಗೆ ಹಾಕಿ. ಆಗ ಏರಿದರೆ ಕಾರಣ ಸಿಕ್ಕಿತು. ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ, ಒಳಗೆ ನೀರು ಕಟ್ಟುತ್ತದೆ.

ನಿಂತುಹೋದ ಚಿಪ್ಪನ್ನು ಎಬ್ಬಿಸಿ

ಚಾರ್ಜಿಂಗ್ ನೋಡಿಕೊಳ್ಳಲು ಮದರ್‌ಬೋರ್ಡ್ ಮೇಲೆ ಒಂದು ಪ್ರತ್ಯೇಕ ಚಿಪ್ ಇದೆ. ವಿಂಡೋಸ್ ಆಫ್ ಆದರೂ ಅದು ಎಚ್ಚರವಾಗಿರುತ್ತದೆ. ಅಪರೂಪಕ್ಕೆ ಅದು ಸಿಕ್ಕಿಹಾಕಿಕೊಳ್ಳುತ್ತದೆ, ಬರೀ ರೀಸ್ಟಾರ್ಟ್‌ಗೆ ಬಗ್ಗುವುದಿಲ್ಲ. ಹೀಗೆ ಮಾಡಿ:

1. ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ಮತ್ತು ಪೆನ್‌ಡ್ರೈವ್, ಮೌಸ್ ಎಲ್ಲ ತೆಗೆಯಿರಿ.
2. ಬ್ಯಾಟರಿ ಹೊರಗಿನಿಂದ ಕಳಚುವಂಥದ್ದಾದರೆ ಕಳಚಿ.
3. ಪವರ್ ಬಟನ್ ಅನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ.
4. ಬ್ಯಾಟರಿ ಕೂರಿಸಿ, ಚಾರ್ಜರ್ ಹಾಕಿ, ಆನ್ ಮಾಡಿ.

ಲೆನೊವೊದ ಹಲವು ಥಿಂಕ್‌ಪ್ಯಾಡ್‌ಗಳ ತಳದಲ್ಲಿ ಇದಕ್ಕೆಂದೇ ಪುಟ್ಟ ತೂತು ಇರುತ್ತದೆ. ಚಾರ್ಜರ್ ತೆಗೆದು, ಪೇಪರ್ ಕ್ಲಿಪ್ ತುದಿಯಿಂದ ಒಳಗಿನ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿದರೆ ಸಾಕು. ಎಮ್ ಸರಣಿಯ ಚಿಪ್ ಇರುವ ಮ್ಯಾಕ್‌ಗಳಲ್ಲಿ ಒಮ್ಮೆ ಶಟ್‌ಡೌನ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿ.

ಇದರಿಂದ ಆಗದಿದ್ದರೆ ವಿಂಡೋಸ್‌ನ ಡ್ರೈವರ್, ಅಂದರೆ ಬ್ಯಾಟರಿಯ ಜೊತೆ ಮಾತಾಡುವ ಪುಟ್ಟ ಸಾಫ್ಟ್‌ವೇರ್, ನೋಡಿ. ‘ಡಿವೈಸ್ ಮ್ಯಾನೇಜರ್’ ತೆರೆದು ‘ಬ್ಯಾಟರೀಸ್’ ಸಾಲನ್ನು ಬಿಚ್ಚಿ. ಅಲ್ಲಿ ‘ಮೈಕ್ರೋಸಾಫ್ಟ್ ಎಸಿಪಿಐ’ ಎಂದು ಶುರುವಾಗಿ ‘ಬ್ಯಾಟರಿ’ ಎಂದು ಮುಗಿಯುವ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ ‘ಅನ್‌ಇನ್‌ಸ್ಟಾಲ್’ ಕೊಡಿ. ರೀಸ್ಟಾರ್ಟ್ ಆದಾಗ ವಿಂಡೋಸ್ ಅದನ್ನು ತಾನೇ ಮತ್ತೆ ಹಾಕಿಕೊಳ್ಳುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ಉಪಾಯಕ್ಕೆ ಸಿಕ್ಕಿರುವ ಹೆಸರು ಸ್ವಲ್ಪ ಅತಿಯಾಯಿತು. ನಷ್ಟವೇನಿಲ್ಲ, ಆದರೆ ನಿರೀಕ್ಷೆ ಜಾಸ್ತಿ ಬೇಡ. ಲ್ಯಾಪ್‌ಟಾಪ್ ಆಫ್ ಆಗಿದ್ದಾಗಲೂ ಎರಡು ಗಂಟೆಯಲ್ಲಿ ಒಂದು ಶೇಕಡಾ ಕೂಡ ಏರದಿದ್ದರೆ ಅದು ವಿಂಡೋಸ್‌ನ ತಪ್ಪಲ್ಲ.

ಈಗ ಬ್ಯಾಟರಿಯನ್ನೇ ಕೇಳೋಣ

ಬ್ಯಾಟರಿ ಎಷ್ಟು ಸವೆದಿದೆ ಎಂದು ವಿಂಡೋಸ್ ತಾನೇ ಬರೆದುಕೊಡುತ್ತದೆ. ‘ಕಮಾಂಡ್ ಪ್ರಾಂಪ್ಟ್’ ತೆರೆಯಿರಿ. ಇಂಗ್ಲಿಷ್ ಅಕ್ಷರಗಳಲ್ಲಿ ‘ಪವರ್’ ಎಂದು ಬರೆದು, ಅದಕ್ಕೆ ತಾಗಿಯೇ ಸಿ, ಎಫ್, ಜಿ ಸೇರಿಸಿ. ಒಂದು ಸ್ಪೇಸ್ ಬಿಟ್ಟು ಬಲಕ್ಕೆ ವಾಲಿದ ಓರೆಗೆರೆ ಹಾಕಿ, ಅದಕ್ಕೆ ತಾಗಿ ‘ಬ್ಯಾಟರಿರಿಪೋರ್ಟ್’ ಎಂದು ನಡುವೆ ಜಾಗ ಬಿಡದೆ ಬರೆದು ಎಂಟರ್ ಒತ್ತಿ. ವರದಿ ಎಲ್ಲಿ ಉಳಿಯಿತು ಎಂದು ಪರದೆಯ ಮೇಲೇ ತೋರಿಸುತ್ತದೆ. ಆ ಫೈಲನ್ನು ಬ್ರೌಸರ್‌ನಲ್ಲಿ ತೆರೆಯಿರಿ.

ಅದರಲ್ಲಿ ಎರಡು ಸಾಲು ಹುಡುಕಿ. ‘ಡಿಸೈನ್ ಕೆಪಾಸಿಟಿ’ ಅಂದರೆ ಹೊಸದಿದ್ದಾಗ ಹಿಡಿಯುತ್ತಿದ್ದದ್ದು. ‘ಫುಲ್ ಚಾರ್ಜ್ ಕೆಪಾಸಿಟಿ’ ಅಂದರೆ ಈಗ ಹಿಡಿಯುವುದು. ಮೊದಲನೆಯದು 41,000, ಎರಡನೆಯದು 33,000 ಇದ್ದರೆ ಶೇ. 80 ಉಳಿದಿದೆ, ಬ್ಯಾಟರಿ ಚೆನ್ನಾಗಿದೆ. ಎರಡನೆಯದು 18,000ಕ್ಕೆ ಇಳಿದಿದ್ದರೆ ಅರ್ಧಕ್ಕಿಂತ ಕಮ್ಮಿ. ಅಂಥದ್ದಕ್ಕೆ ಹೊಸ ಬ್ಯಾಟರಿ ಕೊಳ್ಳುವುದು ನ್ಯಾಯ. ಬಹಳ ಲ್ಯಾಪ್‌ಟಾಪ್ ಬ್ಯಾಟರಿಗಳು 300ರಿಂದ 500 ಸಲ ಪೂರ್ತಿ ತುಂಬಿ ಖಾಲಿಯಾಗುವಷ್ಟು ಬಳಕೆಯಾದ ಮೇಲೆ ಎದ್ದು ಕಾಣುವಷ್ಟು ಸವೆದಿರುತ್ತವೆ. ಈಚಿನ ಮ್ಯಾಕ್‌ಬುಕ್‌ಗಳಿಗೆ ಆಪಲ್ ಹೇಳುವ ಮಿತಿ 1,000. ಮ್ಯಾಕ್‌ನಲ್ಲಿ ‘ಸಿಸ್ಟಮ್ ಸೆಟ್ಟಿಂಗ್ಸ್’ನ ಬ್ಯಾಟರಿ ಪುಟದಲ್ಲಿ ‘ಸರ್ವಿಸ್ ರೆಕಮೆಂಡೆಡ್’ ಎಂದಿದ್ದರೆ ಅದೇ ತೀರ್ಪು.

ವಿಂಡೋಸ್ ಮೇಲೆ ನಂಬಿಕೆ ಇಲ್ಲದಿದ್ದರೆ ಕಂಪನಿಯ ಸ್ವಂತ ಪರೀಕ್ಷೆ ನಡೆಸಿ. ಡೆಲ್‌ನಲ್ಲಿ ಆನ್ ಮಾಡುವಾಗ ಎಫ್12 ಒತ್ತಿ ‘ಡಯಾಗ್ನಾಸ್ಟಿಕ್ಸ್’ ಆರಿಸಿ. ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ, ಆಮೇಲೆ ಎಫ್2. ಡೆಲ್‌ನ ಬಯಾಸ್‌ನಲ್ಲಿ ಅಡಾಪ್ಟರ್ ಎಷ್ಟು ವ್ಯಾಟ್ ಎಂಬುದೂ ಕಾಣುತ್ತದೆ. ಅಲ್ಲಿ ಅಡಾಪ್ಟರ್ ಗೊತ್ತಿಲ್ಲ ಎಂದು ಬಂದರೆ ಮತ್ತೆ ಆ ಸೂಜಿಯ ಕಥೆಯೇ.

ತಿಂಗಳುಗಟ್ಟಲೆ ಬೀರುವಿನಲ್ಲಿದ್ದ ಲ್ಯಾಪ್‌ಟಾಪ್ ಆದರೆ ಲೆಕ್ಕ ಬೇರೆ. ಬ್ಯಾಟರಿ ತೀರಾ ಬತ್ತಿದಾಗ ಅದರ ರಕ್ಷಣಾ ಸರ್ಕ್ಯೂಟ್ ಮೊದಲು ಬಹಳ ಸಣ್ಣ ಕರೆಂಟನ್ನಷ್ಟೇ ಬಿಡುತ್ತದೆ. ಆಫ್ ಮಾಡಿ, ನೀವು ಮನೆಯಲ್ಲಿ ಎಚ್ಚರವಾಗಿರುವ ಹೊತ್ತಿನಲ್ಲಿ ಕೆಲವು ಗಂಟೆ ಚಾರ್ಜ್‌ಗೆ ಬಿಡಿ. ಆಗಲೂ ಏಳದಿದ್ದರೆ ಆ ಸರ್ಕ್ಯೂಟ್ ಶಾಶ್ವತವಾಗಿ ಬಾಗಿಲು ಹಾಕಿಕೊಂಡಿದೆ. ಬ್ಯಾಟರಿ ಬಿಚ್ಚಿ ಸೆಲ್‌ಗಳಿಗೆ ನೇರ ಕರೆಂಟ್ ಕೊಟ್ಟು ‘ಜೀವ ಬರಿಸುವ’ ವಿಡಿಯೊಗಳನ್ನು ನೋಡಿ ಕೈ ಹಾಕಬೇಡಿ. ಆ ಬಾಗಿಲು ಹಾಕಿಕೊಳ್ಳುವುದೇ ಬೆಂಕಿ ತಪ್ಪಿಸಲು.

ಅಂಗಡಿಗೆ ಹೋಗುವಾಗ

ಬೇರೆ ಒಳ್ಳೆಯ ಅಡಾಪ್ಟರ್ ಹಾಕಿದರೂ ಚಾರ್ಜ್ ಆಗುತ್ತಿಲ್ಲ, ಬ್ಯಾಟರಿ ವರದಿ ಮಾತ್ರ ಚೆನ್ನಾಗಿದೆ ಅಂದರೆ ಉಳಿದದ್ದು ಜ್ಯಾಕ್ ಅಥವಾ ಬೋರ್ಡಿನ ಚಾರ್ಜಿಂಗ್ ಭಾಗ. ಪಿನ್ ಸಡಿಲವಾಗಿ ಅಲ್ಲಾಡುತ್ತಿದ್ದರೆ ಜ್ಯಾಕ್ ಮೇಲೆ ಅನುಮಾನ ಪಡಿ. ನೀವು ಏನೇನು ನೋಡಿದಿರಿ, ಏನಾಯಿತು ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ‘ಮೊದಲು ನಿಮ್ಮ ಹತ್ತಿರ ಇರುವ ಬ್ಯಾಟರಿ ಹಾಕಿ ತೋರಿಸಿ, ಆಮೇಲೆ ಕೊಳ್ಳುತ್ತೇನೆ’ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ವಾರಂಟಿ ಕಾಗದವನ್ನೂ ಓದಿ. ಲ್ಯಾಪ್‌ಟಾಪ್‌ಗೆ ಮೂರು ವರ್ಷ ಇದ್ದರೂ ಬ್ಯಾಟರಿಗೆ ಒಂದೇ ವರ್ಷ ಇರುವುದು ಸಾಮಾನ್ಯ.

ಹೊಸ ಬ್ಯಾಟರಿಯೇ ಬೇಕೆಂದಾದರೆ ಲ್ಯಾಪ್‌ಟಾಪ್ ಹೆಸರು ಹೇಳಿ ಕೇಳಬೇಡಿ. ಹಳೆಯ ಬ್ಯಾಟರಿ ಮೇಲಿನ ಪಾರ್ಟ್ ನಂಬರ್ ಹೇಳಿ ಕೇಳಿ. ಅದರ ಮೇಲಿನ ವೋಲ್ಟೇಜನ್ನೂ ನೋಡಿ: 10.8 ಮತ್ತು 11.1 ವೋಲ್ಟ್ ಎರಡೂ ಮೂರು ಸೆಲ್ ಸಾಲಾಗಿ ಜೋಡಿಸಿದವೇ, ನಂಬರ್ ಹೊಂದಿದರೆ ನಡೆಯುತ್ತದೆ. 11.1 ಇರುವಲ್ಲಿ 14.8 ಹಾಕುವಂತಿಲ್ಲ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಒಂದೇ ಲ್ಯಾಪ್‌ಟಾಪ್‌ಗೆ ‘ಒರಿಜಿನಲ್’, ‘ಕಂಪ್ಯಾಟಿಬಲ್’ ಎಂದು ಬೇರೆ ಬೇರೆ ಬೆಲೆಯಲ್ಲಿ ಸಿಗುತ್ತವೆ. ಲೇಬಲ್ ಮೇಲೆ ಭಾರತೀಯ ಮಾನಕ ಬ್ಯೂರೋದ ಗುರುತು ಮತ್ತು ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಆ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿದರೆ ಯಾವ ತಯಾರಕರದ್ದು, ಯಾವ ವಸ್ತುವಿಗೆ ಕೊಟ್ಟದ್ದು ಎಂದು ತೋರಿಸುತ್ತದೆ. ಅಡಾಪ್ಟರ್‌ಗೂ ಇದೇ ರೀತಿ ಮಾಡಬಹುದು. ಬಿಲ್ ಇಲ್ಲದೆ ಮಾತ್ರ ತರಬೇಡಿ.

ಹಾಕಿಸಿಕೊಂಡ ಮೇಲೆ ‘ಎಂಟು ಗಂಟೆ ಚಾರ್ಜ್ ಮಾಡಿ ಆಮೇಲೆ ಬಳಸಿ’ ಎಂಬ ಹಳೆಯ ಮಾತನ್ನು ಮರೆತುಬಿಡಿ. ಲಿಥಿಯಂ ಬ್ಯಾಟರಿಗೆ ಅದು ಬೇಕಿಲ್ಲ. ಅದರ ಬದಲು ಅಂಗಡಿಯಲ್ಲೇ ಬ್ಯಾಟರಿ ವರದಿಯನ್ನು ಇನ್ನೊಮ್ಮೆ ತೆಗೆಯಿರಿ. ಎರಡೂ ಕೆಪಾಸಿಟಿ ಹತ್ತಿರ ಹತ್ತಿರ ಇರಬೇಕು, ‘ಸೈಕಲ್ ಕೌಂಟ್’ (ಎಷ್ಟು ಸಲ ಪೂರ್ತಿ ತುಂಬಿ ಖಾಲಿಯಾಗಿದೆ ಎಂಬ ಲೆಕ್ಕ) ಕಾಣಿಸಿದರೆ ಅದು ಸೊನ್ನೆಯ ಆಸುಪಾಸಿನಲ್ಲಿರಬೇಕು. ನೂರಿನ್ನೂರು ಸೈಕಲ್ ತೋರಿಸಿದರೆ ನಿಮಗೆ ಕೊಟ್ಟದ್ದು ಬಳಸಿದ ಬ್ಯಾಟರಿ. ಅಲ್ಲೇ ಹೇಳಿ ಬದಲಿಸಿಕೊಳ್ಳಿ.